ಮೇಷ್ಟ್ರ ನಂಬರಿಗೆ ಒಂಬತ್ತು ರೂಪಾಯಿ ಕಮ್ಮಿ

ಶನಿವಾರ ಬೆಂಗಳೂರಿನ ರೈಲಿಳಿದು ಒಂಟಿಕೊಪ್ಪಲಿನ ಮನೆಗೆ ಬಂದು ಬ್ಯಾಗು ಇಳಿಸುವಷ್ಟರಲ್ಲಿ ಕಾಫಿ ಬರುತ್ತೆ. ಕಾಫಿ ಲೋಟದ ಹಿಂದೆಯೇ ಅಪ್ಪನ ಫೋನೂ ಬರುತ್ತೆ. "ನೋಡೋ ಇದನ್ನ, ಫೋಟೋ ಕಳಿಸಿದ್ರೆ ಹೋಗ್ತಾನೇ ಇಲ್ಲ." ಅದು ಸರಿಹೋಗುವ ಹೊತ್ತಿಗೆ ಅಮ್ಮನದು, ಅಕ್ಷರ ಇದ್ದಕ್ಕಿದ್ದ ಹಾಗೆ ಚಿಕ್ಕದಾಗಿಬಿಟ್ಟಿದೆ. ಅಷ್ಟರಲ್ಲಿ ಪಕ್ಕದ ಮನೆ ಆಂಟಿ ಕಾಂಪೌಂಡಿನ ಆಚೆಯಿಂದಲೇ, "ಬಂದ್ಯೇನಪ್ಪಾ? ನಂದೂ ಒಂದು ಸ್ವಲ್ಪ ನೋಡ್ಕೊಟ್ಬಿಡು" ಅಂತಾರೆ. ವಾರವೆಲ್ಲ ಆಫೀಸಿನಲ್ಲಿ ಯಾರದೋ ಟಿಕೆಟ್ ಕ್ಲೋಸ್ ಮಾಡಿ ಬಂದವನು ಊರಿನಲ್ಲೂ ಟಿಕೆಟ್ ಕ್ಲೋಸ್ ಮಾಡ್ತಾ ಕೂರುತ್ತೇನೆ. ನಿಮ್ಮ ಮನೆ ಕತೆಯೂ ಇದೇ ತಾನೆ?

ನಾನಿಲ್ಲದ ಐದು ದಿನ ಈ ಕೆಲಸ ಮಾಡೋದು ಬಡಾವಣೆ. ಚೆಲುವಾಂಬ ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮುಗಿಸಿದ ಹಿರಿಯರು ಒಂದು ಕಲ್ಲುಬೆಂಚಿನ ಸುತ್ತ ಸೇರುತ್ತಾರೆ. ಅಪ್ಪನೂ ಅದರ ಸದಸ್ಯ. ರಾಜಕೀಯ ಹತ್ತು ನಿಮಿಷ, ಮಂಡಿನೋವು ಹತ್ತು ನಿಮಿಷ, ಉಳಿದದ್ದೆಲ್ಲ ಮೊಬೈಲು. ಯಾರಿಗೆ ಏನು ಗೊತ್ತು ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತು. ರಿಟೈರ್ಡ್ ಇಂಜಿನಿಯರ್ ಒಬ್ಬರು ವಾಟ್ಸಾಪಿನ ಜಾಗ ಖಾಲಿ ಮಾಡೋದರಲ್ಲಿ ಪಳಗಿದವರು. ಬ್ಯಾಂಕಿನಲ್ಲಿದ್ದವರೊಬ್ಬರು ಯುಪಿಐ ಪಿನ್ ಬದಲಿಸೋದನ್ನ ಹೇಳಿಕೊಡುತ್ತಾರೆ. ಇವರ ಕೈಲಿ ಆಗದ್ದು ಬಂದರೆ ಮಾತೃಮಂಡಳಿ ಸರ್ಕಲ್ಲಿನ ಹತ್ತಿರ ಝೆರಾಕ್ಸು, ರೀಚಾರ್ಜು ಎರಡೂ ನಡೆಸೋ ಹುಡುಗನಿದ್ದಾನೆ. "ಕೊಡಿ ಅಂಕಲ್ ಇಲ್ಲಿ" ಅಂತ ಇಸಿದುಕೊಂಡು, ಎರಡು ಸಲ ಒತ್ತಿ, ದುಡ್ಡೂ ತಗೊಳ್ಳದೆ ವಾಪಸ್ ಕೊಡುತ್ತಾನೆ.

ನಮ್ಮ ದೇಶದ ಮೊಬೈಲು ನಡೀತಿರೋದೇ ಹೀಗೆ. ಫೋನು ಮಾರಿದವರು, ಸಿಮ್ ಮಾರಿದವರು ಮಾರಿ ಹೋದರು. ಅದನ್ನು ಬಳಸೋದು ಹೇಗೆ ಅಂತ ಕೋಟಿಗಟ್ಟಲೆ ಜನರಿಗೆ ಕಲಿಸಿದವರು ಮಗ, ಸೊಸೆ, ಪಕ್ಕದ ಮನೆಯವರು, ಅಂಗಡಿ ಹುಡುಗ. ಒಬ್ಬರಿಗೂ ಸಂಬಳವಿಲ್ಲ. ಇದರ ಬಗ್ಗೆ ಬರೆಯೋರೆಲ್ಲ ಹೊಗಳಿಯೇ ಬರೆಯುತ್ತಾರೆ. ನಾನೂ ಹೊಗಳಬೇಕೆಂದೇ ಇದ್ದೆ, ನಮ್ಮ ಬೀದಿಯ ಮೇಷ್ಟ್ರ ನಂಬರು ಹೋಗೋ ತನಕ.

ಮೇಷ್ಟ್ರು ಅಂದರೆ ನನಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿದವರು. ಮಗಳ ಬಾಣಂತನಕ್ಕೆ ಅಂತ ಗಂಡ ಹೆಂಡತಿ ಇಬ್ಬರೂ ಅಮೆರಿಕಕ್ಕೆ ಹೊರಟರು. ಯುಗಾದಿ ಮುಗಿಸಿ ಹೋದವರು ವಾಪಸ್ ಬಂದದ್ದು ದಸರಾ ಹೊತ್ತಿಗೆ. ಹೋಗುವಾಗ ತಮ್ಮ ಕೀಪ್ಯಾಡ್ ಸೆಟ್ಟನ್ನು ಸ್ವಿಚ್ ಆಫ್ ಮಾಡಿ, ಕರವಸ್ತ್ರದಲ್ಲಿ ಸುತ್ತಿ, ಮನೆಪತ್ರಗಳ ಜೊತೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅಷ್ಟು ಜೋಪಾನ. ಬಂದು ಆನ್ ಮಾಡಿದರೆ ಸಿಗ್ನಲ್ಲಿನ ಕಡ್ಡಿಗಳೇ ಇಲ್ಲ.

ಬೆಂಚು ತಕ್ಷಣ ಕೆಲಸಕ್ಕೆ ಇಳಿಯಿತು. ಸಿಮ್ ತೆಗೆದು ಹಾಕಿ ಅಂದರು. ಪೆನ್ಸಿಲ್ ರಬ್ಬರಿನಲ್ಲಿ ಅದರ ಹಿತ್ತಾಳೆ ಬಣ್ಣದ ಮೈ ಉಜ್ಜಿ ಅಂದರು. ಬೇರೆ ಫೋನಿಗೆ ಹಾಕಿ ನೋಡಿದರು. ಅಂಗಡಿ ಹುಡುಗ ಒಂದು ನಿಮಿಷ ನೋಡಿ, "ಇದು ಕಟ್ಟಾಗಿದೆ ಅಂಕಲ್, ಹೊಸಾ ಸಿಮ್ ತಗೊಳಿ, ಆಫರ್ ಇದೆ" ಅಂದ. ಮೇಷ್ಟ್ರು ಒಪ್ಪಲಿಲ್ಲ. ಪೆನ್ಷನ್ ಬರೋ ಬ್ಯಾಂಕಿಗೆ ಅದೇ ನಂಬರು, ಗ್ಯಾಸಿಗೂ ಅದೇ, ಆಧಾರಿಗೂ ಅದೇ. ಹಳೇ ವಿದ್ಯಾರ್ಥಿಗಳು ಶಿಕ್ಷಕರ ದಿನಾಚರಣೆಗೆ ಫೋನ್ ಮಾಡೋದೂ ಅದಕ್ಕೇ. ಕಂಪನಿಯ ಮಳಿಗೆಗೆ ಹೋದರು. (ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಬೇರೆ ಕಂಪನಿಯಾಗಿದ್ದರೆ ಬೇರೆ ಉತ್ತರ ಸಿಗುತ್ತಿತ್ತು ಅಂತ ನನಗೇನೂ ಅನ್ನಿಸಲ್ಲ.) ಅಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ, "ಸಿಸ್ಟಮ್ ತಗೊಳ್ತಾ ಇಲ್ಲ ಸಾರ್" ಅಂದಳು. ಸಹಾಯವಾಣಿಗೆ ಫೋನ್ ಮಾಡಿದರೆ, ಮೊದಲು ನಿಮ್ಮ ಹತ್ತಂಕಿಯ ಸಂಖ್ಯೆಯನ್ನು ನಮೂದಿಸಿ ಅನ್ನುತ್ತೆ. ನಮೂದಿಸಿದರೆ ಅಂಥ ಸಂಖ್ಯೆಯೇ ಇಲ್ಲ ಅನ್ನುತ್ತೆ. ಇಲ್ಲದ ಸಂಖ್ಯೆಗೆ ದೂರು ಎಲ್ಲಿಂದ ಬರಬೇಕು!

ಆ ಧ್ವನಿಯ ಕನ್ನಡದ ಬಗ್ಗೆಯೂ ಎರಡು ಮಾತು ಹೇಳಬೇಕು. ಕನ್ನಡಕ್ಕಾಗಿ ಇಂತಿಷ್ಟನ್ನು ಒತ್ತಿ ಅನ್ನೋದೇನೋ ಇದೆ, ಸಂತೋಷ. ಒತ್ತಿದ ಮೇಲೆ ಬರೋದು ಯಾರ ಮನೆಯಲ್ಲೂ ಆಡದ ಕನ್ನಡ. ಊರಿಗೆಲ್ಲ ಅದು 'ಕರೆನ್ಸಿ'. "ಕರೆನ್ಸಿ ಹಾಕ್ಸು, ಕರೆನ್ಸಿ ಖಾಲಿ" ಅಂತಾರೆ ನಮ್ಮ ಕೆಲಸದಮ್ಮನಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರೂ. ಯಂತ್ರದ ಹೆಂಗಸಿಗೆ ಮಾತ್ರ ಅದು 'ಶೇಷ ಮೊತ್ತ'. ವ್ಯಾಕರಣ ಸರಿಯಾಗಿರುವ, ಅರ್ಥ ತಲುಪದ ಕನ್ನಡ ಇದು. ಅದನ್ನು ದಾಟಿ ಮನುಷ್ಯರು ಸಿಕ್ಕರೆ, ಆ ಮನುಷ್ಯರಿಗೆ ಕನ್ನಡ ಬರುತ್ತೋ ಇಲ್ಲವೋ ಅನ್ನೋದು ಅವತ್ತಿನ ಅದೃಷ್ಟ. ಯಾವ ಸಹಾಯವಾಣಿಯಾದರೂ ಒಳ್ಳೆಯದೋ ಕೆಟ್ಟದ್ದೋ ಅಂತ ನೋಡೋಕೆ ನನ್ನದೊಂದು ಸರಳ ಅಳತೆ ಇದೆ: ಅದು ನಮ್ಮ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಕೇಳಿಸಿಕೊಳ್ಳುತ್ತಾ, ಇಲ್ಲಾ ತನ್ನ ಪಟ್ಟಿಯಲ್ಲಿರುವ ಪ್ರಶ್ನೆಗಳಲ್ಲಿ ಒಂದನ್ನು ಆರಿಸಿಕೋ ಅನ್ನುತ್ತಾ? ಮೇಷ್ಟ್ರ ಪ್ರಶ್ನೆ ಪಟ್ಟಿಯಲ್ಲಿರಲಿಲ್ಲ.

ನಾನು ಊರಿಗೆ ಬಂದಾಗ ಅವರು ಮನೆಗೇ ಬಂದರು. ಕೈಯಲ್ಲಿ ಡೈರಿ. ಗಣಿತದ ಮೇಷ್ಟ್ರಲ್ವಾ, ಕರೆನ್ಸಿಯ ಲೆಕ್ಕವನ್ನೂ ಬರೆದಿಟ್ಟಿದ್ದಾರೆ. ಫೋನು ಬೀರುವಿಗೆ ಸೇರಿದ ದಿನದ ಪುಟದಲ್ಲಿ ಬಾಕಿ 11 ರೂಪಾಯಿ.

ಅವತ್ತು ರಾತ್ರಿ ಕೂತು ಟ್ರಾಯ್ ನಿಯಮಗಳನ್ನು ಓದಿದೆ. ಟ್ರಾಯ್ ಅಂದರೆ ದೂರಸಂಪರ್ಕದವರಿಗೆಲ್ಲ ಕಟ್ಟಳೆ ಹಾಕೋ ಪ್ರಾಧಿಕಾರ. ಅದು 2013ರಲ್ಲಿ ಗ್ರಾಹಕ ರಕ್ಷಣೆಯ ನಿಯಮಗಳಿಗೆ ಒಂದು ತಿದ್ದುಪಡಿ ತಂದಿದೆ. ಪ್ರೀಪೇಯ್ಡ್ ನಂಬರನ್ನು ಬಳಸುತ್ತಿಲ್ಲ ಅನ್ನೋ ಕಾರಣಕ್ಕೆ 90 ದಿನಕ್ಕೂ ಮೊದಲು ನಿಲ್ಲಿಸುವಂತಿಲ್ಲ. ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಇದ್ದರೆ ಆ ಕಾರಣಕ್ಕೆ ನಿಲ್ಲಿಸಲೇಬಾರದು. ಒಂದಿಷ್ಟು ಶುಲ್ಕ ಕಳೆದುಕೊಂಡು ನಂಬರನ್ನು ಉಳಿಸಿಕೊಡೋ ಯೋಜನೆಯನ್ನು ಕಂಪನಿಯೇ ಇಟ್ಟಿರಬೇಕು. ನಿಲ್ಲಿಸಿದ ಮೇಲೂ, ಅದೇ ನಂಬರನ್ನು ಮತ್ತೆ ಪಡೆಯೋಕೆ 15 ದಿನದ ಅವಕಾಶವಿದೆ.

ಹನ್ನೊಂದಕ್ಕೆ ಒಂಬತ್ತು ಸೇರಿದ್ದರೆ ಇಪ್ಪತ್ತು. ಯುಗಾದಿ ಹೊತ್ತಿಗೆ ಅಂಗಡಿ ಹುಡುಗನ ಹತ್ತಿರ ಇನ್ನೊಂದಿಷ್ಟು ಕರೆನ್ಸಿ ಹಾಕಿಸಿ ಹೋಗಿದ್ದರೆ ಮೇಷ್ಟ್ರ ನಂಬರು ಬೀರುವಿನಲ್ಲಿ ಕೂತೇ ಇನ್ನೊಂದಿಷ್ಟು ದಿನ ಬದುಕುತ್ತಿತ್ತು. ನಿಂತ ಮೇಲಾದರೂ ಆ 15 ದಿನದೊಳಗೆ ಇಲ್ಲಿ ಯಾರಾದರೂ ಓಡಾಡಿದ್ದರೆ ಉಳಿಯುತ್ತಿತ್ತೇನೋ. ಈ ವಿಷಯ ಬೆಂಚಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಂಗಡಿ ಹುಡುಗನಿಗೆ ಗೊತ್ತಿರಲಿಲ್ಲ. ದಿನಾ ಟೆಲಿಕಾಂ ಸಾಫ್ಟ್‌ವೇರಿನ ಪಕ್ಕದಲ್ಲೇ ಕೂರೋ ನನಗೂ ಗೊತ್ತಿರಲಿಲ್ಲ. ಎಚ್ಚರಿಕೆಯ ಮೆಸೇಜೇನಾದರೂ ಬಂದಿದ್ದರೆ ಅದು ಬಂದದ್ದು ಬೀಗ ಹಾಕಿದ ಬೀರುವಿನೊಳಗೆ ಆಫಾಗಿ ಮಲಗಿದ್ದ ಸೆಟ್ಟಿಗೆ.

ನನ್ನ ತಕರಾರು ಇಷ್ಟೇ. ನಮ್ಮ ನಡುವೆ ಉಪಾಯ ಹೇಳುವವರು ಬೀದಿಗೆ ಹತ್ತು ಜನ ಇದ್ದಾರೆ. ಹಕ್ಕು ಹೇಳುವವರು ಒಬ್ಬರೂ ಇಲ್ಲ. ಸಿಮ್ಮನ್ನು ರಬ್ಬರಿನಲ್ಲಿ ಉಜ್ಜೋದು ಎಲ್ಲರಿಗೂ ಗೊತ್ತು, ಅದರೊಳಗಿನ ನಂಬರನ್ನು ಯಾವಾಗ ಕಿತ್ತುಕೊಳ್ಳಬಹುದು, ಯಾವಾಗ ಕಿತ್ತುಕೊಳ್ಳಬಾರದು ಅನ್ನೋದು ಗೊತ್ತಿಲ್ಲ. ಪರಸ್ಪರ ಸಹಾಯ ಅಂತ ನಾವು ಬೆನ್ನು ತಟ್ಟಿಕೊಳ್ಳೋದರಲ್ಲಿ ಮುಕ್ಕಾಲು ಪಾಲು, ಕಂಪನಿಯವರು ಮಾಡಬೇಕಾದ ಕೆಲಸವನ್ನು ನಾವು ಪುಕ್ಕಟೆ ಮಾಡಿಕೊಡೋದು. ಉಳಿದ ಕಾಲು ಪಾಲು, ಅಂದರೆ ಅವರನ್ನು ಕೇಳಬೇಕಾದ ಪ್ರಶ್ನೆ, ಹಾಗೇ ಉಳಿದುಹೋಗುತ್ತೆ.

ಇದನ್ನೇ ವ್ಯಾಪಾರ ಮಾಡಿಕೊಂಡವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಗಿಫ್‌ಗ್ಯಾಫ್ ಅಂತ ಒಂದು ಮೊಬೈಲ್ ಸೇವೆ 2009ರ ನವೆಂಬರಿನಲ್ಲಿ ಶುರುವಾಯಿತು. ಸ್ವಂತ ಟವರುಗಳಿಲ್ಲ, ಓ2 ಅನ್ನೋ ದೊಡ್ಡ ಕಂಪನಿಯ ಜಾಲದ ಮೇಲೆ ಓಡುತ್ತೆ, ಅದರದ್ದೇ ಕೂಸು. ಹೆಸರು ಸ್ಕಾಟ್ಲೆಂಡಿನ ಹಳೇ ಮಾತು. ನಾನು ನಿನಗೆ, ನೀನು ನನಗೆ ಅನ್ನೋ ಅರ್ಥ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಇದೆಯಲ್ಲ, ಹಾಗೆ. ಆ ಸೇವೆಗೆ ಕಾಲ್ ಸೆಂಟರೇ ಇಲ್ಲ. ಒಬ್ಬ ಗ್ರಾಹಕನ ಪ್ರಶ್ನೆಗೆ ಇನ್ನೊಬ್ಬ ಗ್ರಾಹಕ ಉತ್ತರ ಹೇಳುತ್ತಾನೆ. ಹಾಗೆ ಹೇಳಿದವರಿಗೆ, ಹೊಸಬರನ್ನು ಕರೆತಂದವರಿಗೆ ಅಂಕಗಳು ಸಿಗುತ್ತವೆ. ವರ್ಷಕ್ಕೆರಡು ಸಲ ಅದನ್ನು ದುಡ್ಡಾಗಿಯೋ, ಫೋನಿನ ಖರ್ಚಿಗೋ, ದಾನಕ್ಕೋ ಬಳಸಿಕೊಳ್ಳಬಹುದು. ಕಾಲ್ ಸೆಂಟರಿನ ಖರ್ಚಿಲ್ಲ, ಆದ್ದರಿಂದ ದರ ಕಮ್ಮಿ.

ಮೊದಲ ಸಲ ಇದನ್ನು ಓದಿದಾಗ ನಮ್ಮ ಪಾರ್ಕಿನ ಬೆಂಚಿಗೆ ಯಾರೋ ಬೋರ್ಡು ಹಾಕಿ ಕಂಪನಿ ಮಾಡಿದ್ದಾರೆ ಅನ್ನಿಸಿತ್ತು. ಆದರೆ ಅವರು ಮಾಡಿದ ಎರಡು ಕೆಲಸ ಗಮನಿಸಬೇಕು. ಒಂದು, ಉತ್ತರ ಹೇಳಿದವನ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದರು. ಅಂಕಗಳು ಸಂಬಳಕ್ಕೆ ಸಮವಲ್ಲ ನಿಜ, ಆದರೂ ಸೊನ್ನೆಯಲ್ಲ. ಎರಡನೆಯದು ಇನ್ನೂ ಮುಖ್ಯ. ಸೆಟ್ಟಿಂಗ್ ಹೇಗೆ ಮಾಡೋದು ಅನ್ನೋ ಪ್ರಶ್ನೆ ಗ್ರಾಹಕರ ನಡುವೆ. ನನ್ನ ಖಾತೆ ಏನಾಯಿತು, ನನ್ನ ದುಡ್ಡು ಎಲ್ಲಿ ಹೋಯಿತು ಅನ್ನೋ ಪ್ರಶ್ನೆ ಮಾತ್ರ ಸಂಬಳ ತಗೊಳ್ಳೋ ಸಿಬ್ಬಂದಿಗೆ. ಸಹಾಯಕ್ಕೂ ಜವಾಬ್ದಾರಿಗೂ ನಡುವೆ ಒಂದು ಗೆರೆ ಎಳೆದರು.

ನಮ್ಮಲ್ಲಿ ಆ ಗೆರೆಯೇ ಇಲ್ಲ. ಅದಿಲ್ಲದ ಕಡೆ ಒಳ್ಳೆಯತನವೂ ಅಪಾಯವೇ. ಬೆಂಚಿನ ಮೇಲೆ "ಒಟಿಪಿ ಬಂತಾ, ಹೇಳಿ ಹೇಳಿ" ಅಂತ ಪ್ರೀತಿಯಿಂದಲೇ ಕೂಗುತ್ತಾರೆ. ಅಂಗಡಿ ಹುಡುಗನಿಗೆ ಅರ್ಧ ಬಡಾವಣೆಯ ಪಾಸ್‌ವರ್ಡು ಗೊತ್ತು. ನಮ್ಮವನು ಒಳ್ಳೆಯವನು, ಸರಿ. ಆದರೆ ಒಟಿಪಿಯನ್ನು ಇನ್ನೊಬ್ಬರಿಗೆ ಓದಿ ಹೇಳೋ ಅಭ್ಯಾಸ ಒಮ್ಮೆ ನಾಲಿಗೆಗೆ ಹತ್ತಿದರೆ, ನಾಳೆ ಕಸ್ಟಮರ್ ಕೇರ್ ಅಂತ ಸುಳ್ಳು ಹೇಳಿ ಕರೆ ಮಾಡಿದವನಿಗೂ ಅದೇ ನಾಲಿಗೆ ಓದಿ ಹೇಳುತ್ತೆ. ನಕಲಿ ಕಸ್ಟಮರ್ ಕೇರ್ ನಂಬರುಗಳ ಮೋಸ ಇಷ್ಟು ಸುಲಭವಾಗಿ ನಡೆಯೋದು ಯಾಕೆ ಅಂದುಕೊಂಡಿದ್ದೀರಿ? ಅಸಲಿ ನಂಬರಿನಲ್ಲಿ ಮನುಷ್ಯರು ಸಿಗಲ್ಲ. ನಕಲಿ ನಂಬರಿನಲ್ಲಿ ಮೊದಲ ರಿಂಗಿಗೇ ಎತ್ತುತ್ತಾರೆ, ಅದೂ ಸಮಾಧಾನದಿಂದ ಮಾತಾಡುತ್ತಾರೆ.

ಹಾಗಂತ ಬೆಂಚನ್ನು ಮುಚ್ಚಿ ಅನ್ನಲಾ? ಒಂಟಿಕೊಪ್ಪಲಿನಲ್ಲಿ ಕೂತು ಆ ಮಾತು ಹೇಳೋಕಾಗಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲೇ, ತಮ್ಮ 'ವಿಠ್ಠಲ ವಿಹಾರ' ಅನ್ನೋ ಮನೆಯಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಪ್ರಸಾರ ಶುರುಮಾಡಿದರು. ಅದಕ್ಕೆ ಆಕಾಶವಾಣಿ ಅಂತ ಹೆಸರಾಯಿತು. ಮುಂದೆ ಇಡೀ ದೇಶದ ರೇಡಿಯೋ ಆ ಹೆಸರನ್ನು ಎತ್ತಿಕೊಂಡಿತು. ಒಬ್ಬರ ಮನೆಯ ಹುಮ್ಮಸ್ಸಿನಿಂದ ಏನೇನಾಗುತ್ತೆ ಅನ್ನೋದಕ್ಕೆ ನಮ್ಮ ಬಡಾವಣೆಗಿಂತ ಸಾಕ್ಷಿ ಬೇಕಾ? ಆದರೆ ಆ ಕತೆಯಲ್ಲಿ ನಾವು ಹೇಳೋದು ಮರೆಯುವ ಎರಡನೇ ಭಾಗ ಇದೆ. ಆ ರೇಡಿಯೋ ಪ್ರೊಫೆಸರರ ಮನೆಯಲ್ಲೇ, ಅವರ ಖರ್ಚಿನಲ್ಲೇ ಉಳಿಯಲಿಲ್ಲ. ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು, ಸ್ವಾತಂತ್ರ್ಯದ ನಂತರ ಆಲ್ ಇಂಡಿಯಾ ರೇಡಿಯೋ ವಹಿಸಿಕೊಂಡಿತು. ಉತ್ಸಾಹ ಶುರುಮಾಡಿದ್ದನ್ನು ಜವಾಬ್ದಾರಿ ಇರುವವರು ಹೆಗಲಿಗೆ ತಗೊಂಡರು. ಮೊಬೈಲಿನ ವಿಷಯದಲ್ಲಿ ಈ ಎರಡನೇ ಭಾಗ ನಡೆದೇ ಇಲ್ಲ.

ಕಾಗದದ ಮೇಲೆ ನಡೆದಿದೆ ಅನ್ನಿ. 2012ರ ಜನವರಿಯಲ್ಲಿ ಟ್ರಾಯ್ ದೂರು ಪರಿಹಾರದ ನಿಯಮಗಳನ್ನೇ ಮಾಡಿತು. ಅದರ ಪ್ರಕಾರ ಪ್ರತಿ ಕಂಪನಿಯೂ ಪುಕ್ಕಟೆ ಕರೆ ಮಾಡಬಹುದಾದ ದೂರು ಕೇಂದ್ರ ಇಟ್ಟಿರಬೇಕು. ದೂರು ಕೊಟ್ಟ ಪ್ರತಿಯೊಬ್ಬರಿಗೂ ಡಾಕೆಟ್ ನಂಬರು ಕೊಡಬೇಕು. ಅಲ್ಲಿ ಸಮಾಧಾನವಾಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕವಿಲ್ಲ. ಅವರು 39 ದಿನದಲ್ಲಿ ಇತ್ಯರ್ಥ ಮಾಡಬೇಕು. ಓದೋಕೆ ಎಷ್ಟು ಚೆನ್ನಾಗಿದೆ! ನಿಮ್ಮಲ್ಲಿ ಎಷ್ಟು ಜನ ಡಾಕೆಟ್ ನಂಬರು ಕೇಳಿ ಬರೆದುಕೊಂಡಿದ್ದೀರಿ? ಮೇಲ್ಮನವಿ ಅಂತ ಒಂದಿದೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಗ್ರಾಹಕರ ನ್ಯಾಯಾಲಯದ ಬಾಗಿಲಂತೂ ಟೆಲಿಫೋನು ದೂರುಗಳಿಗೆ ವರ್ಷಗಟ್ಟಲೆ ಮುಚ್ಚಿದ ಹಾಗೇ ಇತ್ತು. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ ಮಧ್ಯಸ್ಥಿಕೆಯ ದಾರಿ ಇದೆ, ಅಲ್ಲಿಗೇ ಹೋಗಿ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2022ರ ಫೆಬ್ರವರಿಯಲ್ಲಿ ಅದೇ ಕೋರ್ಟು, ಮೊಬೈಲ್ ಕಂಪನಿಯ ಮೇಲಿನ ದೂರನ್ನು ಗ್ರಾಹಕರ ವೇದಿಕೆ ವಿಚಾರಿಸಬಹುದು ಅಂತ ತೀರ್ಪು ಕೊಟ್ಟಿತು. ಬಾಗಿಲು ತೆಗೆದಿದೆ. ತೆಗೆದಿದೆ ಅಂತ ನಮ್ಮ ಬೆಂಚಿಗೆ ಹೇಳಿದವರಿಲ್ಲ.

ಹೇಳಬೇಕಾದವರು ಯಾರು? ಮೊದಲು ಕಂಪನಿ, ಆಮೇಲೆ ಸರ್ಕಾರ. ಇದರಲ್ಲಿ ನನಗೆ ಅನುಮಾನವಿಲ್ಲ. ಸಿಮ್ ಮಾರುವಾಗಲೇ ಒಂದು ಪುಟ ಕನ್ನಡದಲ್ಲಿ ಕೊಡೋಕೆ ಯಾರಿಗೂ ಕಷ್ಟವಿಲ್ಲ. ಅವರು ಕೊಡೋ ತನಕ ನಾವೇನು ಮಾಡಬಹುದು ಅನ್ನೋದಕ್ಕೆ ಉತ್ತರ ನಮ್ಮ ಅಡುಗೆಮನೆಯ ಗೋಡೆಯಲ್ಲೇ ನೇತಾಡುತ್ತಿತ್ತು. ಅದು ಒಂಟಿಕೊಪ್ಪಲ್ ಪಂಚಾಂಗ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ದಾರ ಪೋಣಿಸಿ ಮೊಳೆಗೆ ತಗುಲಿಹಾಕಿರುತ್ತಾರೆ. ಏಕಾದಶಿ ಯಾವತ್ತು, ರಾಹುಕಾಲ ಎಷ್ಟು ಹೊತ್ತಿಗೆ ಅಂತ ಅಜ್ಜಿ ಯಾರನ್ನೂ ಕೇಳುತ್ತಿರಲಿಲ್ಲ, ಕನ್ನಡಕ ಹಾಕಿಕೊಂಡು ತಾವೇ ನೋಡುತ್ತಿದ್ದರು. ಒಳಗಿನ ಗಣಿತ ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ನಾನು ಪಂಚಾಂಗ ನಂಬುವವನಲ್ಲ. ಆದರೆ ಅದು ಕೆಲಸ ಮಾಡೋ ರೀತಿಯನ್ನು ಒಪ್ಪುತ್ತೇನೆ. ಬೇಕಾದವರು ಬೇಕಾದಾಗ ನೋಡಬಹುದು, ಯಾರ ಕೈಗೂ ತಮ್ಮ ಗುಟ್ಟು ಕೊಡಬೇಕಿಲ್ಲ, ಮಗ ಶನಿವಾರ ಬರೋ ತನಕ ಕಾಯಬೇಕಿಲ್ಲ.

ಹಾಗಾಗಿ ದೀಪಾವಳಿ ರಜೆಯಲ್ಲಿ ನಾನೂ ಮೇಷ್ಟ್ರೂ ಕೂತು ಒಂದು ಪುಟ ಬರೆದೆವು. ದೊಡ್ಡ ಅಕ್ಷರ, ಬರೀ ಆಡುಮಾತು. 'ಊರು ಬಿಟ್ಟು ಹೋಗುವಾಗ 20 ರೂಪಾಯಿಗಿಂತ ಹೆಚ್ಚು ಕರೆನ್ಸಿ ಇರಲಿ, ಸೆಟ್ಟು ಮನೆಯಲ್ಲಿರುವವರ ಕೈಲಿ ಕೊಟ್ಟು ತಿಂಗಳಿಗೊಂದು ಕಾಲ್ ಮಾಡಿಸಿ. ದೂರು ಕೊಟ್ಟರೆ ಡಾಕೆಟ್ ನಂಬರು ಕೇಳಿ ಬರೆದುಕೊಳ್ಳಿ. ಕೇಳದಿದ್ದರೆ ಮೇಲ್ಮನವಿ ಇದೆ, ದುಡ್ಡಿಲ್ಲ. ಕಂಪನಿ ಬದಲಿಸಿದರೂ ನಂಬರು ನಿಮ್ಮ ಜೊತೆಗೇ ಬರುತ್ತೆ, PORT ಅಂತ ಬರೆದು ಒಂದು ಜಾಗ ಬಿಟ್ಟು ನಿಮ್ಮ ನಂಬರು ಹಾಕಿ 1900ಕ್ಕೆ ಮೆಸೇಜ್ ಮಾಡಿ. ಮೋಸದಲ್ಲಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಒಟಿಪಿ ಯಾರಿಗೂ ಬೇಡ, ನಮಗೂ ಬೇಡ.' ಕೊನೇ ಸಾಲು ಮೇಷ್ಟ್ರದು. ಅಂಗಡಿ ಹುಡುಗ ಐವತ್ತು ಪ್ರತಿ ತೆಗೆದುಕೊಟ್ಟ. ಅವತ್ತು ಮಾತ್ರ ಬಲವಂತವಾಗಿ ದುಡ್ಡು ಕೊಟ್ಟೆವು.

ಮೇಷ್ಟ್ರ ನಂಬರು ಮಾತ್ರ ಬರಲಿಲ್ಲ. ಬ್ಯಾಂಕಿಗೆ ಮೂರು ಸಲ, ಆಧಾರ್ ಕೇಂದ್ರಕ್ಕೆ ಎರಡು ಸಲ ಅಲೆದು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಎಲ್ಲ ಕಡೆ ಹೊಸ ನಂಬರು ಬರೆಸಿದರು. ಸಂಕ್ರಾಂತಿಗೆ ಊರಿಗೆ ಹೋದಾಗ ಎಳ್ಳುಬೆಲ್ಲ ಕೊಡೋಕೆ ಬರ್ತೀನಿ ಅಂತ ಹೇಳಲು, ಅಭ್ಯಾಸಬಲದಿಂದ ಹಳೇ ನಂಬರಿಗೇ ಕರೆ ಮಾಡಿಬಿಟ್ಟೆ. ರಿಂಗಾಯಿತು! ಯಾರೋ ಹುಡುಗ ಎತ್ತಿದ. ಹಿಂದೆ ಬಸ್ ಸ್ಟ್ಯಾಂಡಿನ ಗಲಾಟೆ.

"ಮೇಷ್ಟ್ರಿಗಾ ಸಾರ್? ಇದು ಈಗ ನನ್ ನಂಬ್ರ. ತುಂಬಾ ಜನ ಮಾಡ್ತಾರೆ. ಶಿಷ್ಯಂದಿರು ಅಂತಾರೆ. ಒಬ್ರು ಅವರ ಹೊಸಾ ನಂಬ್ರ ಕೊಟ್ಟವ್ರೆ, ಬರ್ಕೊಳಿ, ಹೇಳ್ತೀನಿ."

ನನ್ನ ಹತ್ತಿರ ಇದೆಯಪ್ಪಾ, ಥ್ಯಾಂಕ್ಸ್ ಅಂದೆ. ಬ್ಯಾಂಕಿನ ಮೆಸೇಜೇನಾದರೂ ಬರ್ತಿತ್ತಾ ಅಂತ ಕೇಳಿದೆ.

"ಮೊದಮೊದ್ಲು ಬರ್ತಿತ್ತು ಸಾರ್. ನಮ್ದಲ್ವಲ್ಲ ಅಂತ ಅಳಿಸಾಕ್ತಿದ್ದೆ."

ಅವನ ಮನೆ ತಣ್ಣಗಿರಲಿ. ಆದರೆ ಮೇಷ್ಟ್ರ ಪೆನ್ಷನ್ನಿನ ಕಾವಲಿಗೆ ಆ ಮೂರು ತಿಂಗಳು ಇದ್ದದ್ದು ಅವನೊಬ್ಬನ ಒಳ್ಳೆಯತನ ಮಾತ್ರ.